ಹನ್ನೊಂದು ಗಟ್ಟಿ ಮರಗಳು

ಪಟ್ಟಿಯ ಇಪ್ಪತ್ತನಾಲ್ಕು ಪುಟ್ಟ ಸುತ್ತಿಗೆಗಳು ಒಂದರ ಹಿಂದೊಂದು ಕಾಂಡಕ್ಕೆ ಬಡಿದು ಸುಮ್ಮನಾದವು. ಎರಡು ನಿಮಿಷದ ಕೆಲಸ. ಹಳೇ ಜಕಾತಿ ನಾಕಾದ ಹುಣಸೆಮರಕ್ಕೆ ಎದೆಯೆತ್ತರದಲ್ಲಿ ಬಿಗಿದಿದ್ದ ಆ ಪಟ್ಟಿಯ ಹೆಸರು ಒಳಗನ್ನಡಿ. ಒಂದು ಸುತ್ತಿಗೆ ಎಬ್ಬಿಸಿದ ಸದ್ದನ್ನು ಉಳಿದ ಇಪ್ಪತ್ತಮೂರು ಸುತ್ತಿಗೆಗಳ ಪಕ್ಕದ ಕಿವಿಗಳು ಕೇಳಿಸಿಕೊಳ್ಳುತ್ತವೆ. ಗಟ್ಟಿ ಮರದಲ್ಲಿ ಸದ್ದು ಬೇಗ ಹಾಯುತ್ತದೆ, ಕೊಳೆತಲ್ಲಿ ತಡವರಿಸುತ್ತದೆ, ಪೊಟರೆಯಿದ್ದರೆ ಬಳಸಿ ಬರುತ್ತದೆ. ಆ ವ್ಯತ್ಯಾಸದಿಂದಲೇ ಯಂತ್ರ ಕಾಂಡದ ಒಳಗಿನ ಚಿತ್ರ ಬರೆದು, ಊರಿನ ಗಾಳಿಯ ರಭಸವನ್ನೂ ಲೆಕ್ಕಕ್ಕೆ ಹಿಡಿದು, ಮರ ಎಷ್ಟು ಕಾಲ ನಿಂತೀತೆಂದು ಹೇಳುತ್ತದೆ.

ಮರವೈದ್ಯ ಫಕೀರಪ್ಪ ಗಾಣಿಗೇರ ಪರದೆ ನೋಡಿದ. ವೃತ್ತವೆಲ್ಲ ಹಸಿರು. ಹತ್ತು ವರ್ಷದೊಳಗೆ ಬೀಳುವ ಸಾಧ್ಯತೆ ನೂರಕ್ಕೆ ಎರಡು.

"ಏನಂತೈತ್ರಿ ಅಣ್ಣಾರ, ನಿಮ್ಮ ಉಡದಾರ?" ಮರದ ಬುಡದಲ್ಲೇ ಮಿರ್ಚಿ ಗಾಡಿ ಹಚ್ಚಿದ್ದ ಗಿರಿಜವ್ವ ಕೇಳಿದಳು.

"ಹಸಿರು ಅಂತೈತಿ."

"ಹಂಗಾರ ನನಗಿಂತ ಗಟ್ಟಿ ಐತಿ ಬಿಡ್ರಿ. ಆದ್ರ ಮೊನ್ನಿ ಗಾಳಿಗೆ ಒಳಗ ಕಟಕಟ ಅಂತಿತ್ತು. ಮುದುಕರು ನಿದ್ದ್ಯಾಗ ಹಲ್ಲು ಕಡೀತಾರಲ್ಲ, ಹಂಗ."

ಪಟ್ಟಿ ಬಿಚ್ಚುತ್ತಿದ್ದ ಫಕೀರಪ್ಪನ ಕೈ ನಿಂತಿತು. ಮೂವತ್ತನಾಲ್ಕು ವರ್ಷ ಮರ ಹತ್ತಿದ ಮನುಷ್ಯ ಅವನು. ಬಲಭುಜ ಈಗ ತಲೆಯಿಂದ ಮೇಲೆ ಏಳುವುದಿಲ್ಲ, ಮೊಣಕಾಲು ಮೆಟ್ಟಿಲಿಗೂ ತಕರಾರು ಮಾಡುತ್ತದೆ. ಹಿಂದೆ ನಿಂತ ವಾಹನದಲ್ಲಿ ನಲವತ್ತು ಅಡಿ ಏರುವ ತೊಟ್ಟಿಲಿತ್ತು, ಬ್ಯಾಟರಿ ಗರಗಸಗಳಿದ್ದವು. ಆದರೂ ಅವನ ಹೆಗಲ ಚೀಲದಲ್ಲಿ ಹಗ್ಗ, ಕೈಗರಗಸ, ಮರದ ಕೊಡತಿ ತಪ್ಪುತ್ತಿರಲಿಲ್ಲ. ತೊಟ್ಟಿಲು ವಿದ್ಯುತ್ ತಂತಿಗಳ ನಡುವೆ ನುಗ್ಗುವುದಿಲ್ಲ, ಬ್ಯಾಟರಿ ಗರಗಸಕ್ಕೆ ಎಲ್ಲಿ ನಿಲ್ಲಬೇಕೆಂಬುದು ತಿಳಿಯುವುದಿಲ್ಲ ಎಂದು ಅವನ ವಾದ. ಕೊಡತಿ ಯಾಕೆಂದು ಕೇಳಿದರೆ ಮಾತ್ರ ಚೀಲದ ಬಾಯಿ ಬಿಗಿಯುತ್ತಿದ್ದ. ಜೊತೆಯವರು ಅದನ್ನು ವಸ್ತುಸಂಗ್ರಹಾಲಯಕ್ಕೆ ಕೊಡಿರೆಂದು ನಗುತ್ತಿದ್ದರು.

ಅವನು ಕೊಡತಿ ತೆಗೆದು ಕಾಂಡದ ಸುತ್ತ ಬಡಿಯುತ್ತ ಹೋದ. ರಸ್ತೆಯ ಕಡೆಗೆ, ತೊಗಟೆ ಎರಡೂ ಬದಿಯಿಂದ ಉಬ್ಬಿ ತುಟಿಯಂತೆ ಮುಚ್ಚಿಕೊಂಡ ಕಡೆ, ಸದ್ದು ಬದಲಾಯಿತು. ಮರದ ಸದ್ದಲ್ಲ, ಗೋಡೆಯ ಸದ್ದು.

ಅವನಿಗೆ ಆ ಗೋಡೆ ಗೊತ್ತಿತ್ತು. ಕಟ್ಟಿದವನು ಅವನೇ.

2026ರಲ್ಲಿ ಅವನಿಗೆ ಇಪ್ಪತ್ತೇಳು ವರ್ಷ. ಯಾವುದೋ ಹಳೆಯ ಕೈಪಿಡಿ ಓದಿ, ಈ ಮರದ ಪೊಟರೆಯನ್ನು ಉಳಿಯಿಂದ ಕೆರೆದು, ಡಾಂಬರು ಬಳಿದು, ಇಟ್ಟಿಗೆ ಚೂರು ತುಂಬಿ ಸಿಮೆಂಟು ಮೆತ್ತಿದ್ದ. ಹಲ್ಲಿನ ಹುಳುಕು ತುಂಬಿದ ಹಾಗೆ. ಪತ್ರಿಕೆಯಲ್ಲಿ ಫೋಟೋ ಬಂತು. ಅದೇ ಹುರುಪಿನಲ್ಲಿ ಊರಿನ ಇನ್ನೂ ಹತ್ತು ಮರಗಳಿಗೆ ತುಂಬಿದ. ಆ ವಿಧಾನವನ್ನು ಬಲ್ಲವರು ಕೈಬಿಟ್ಟು ಎಷ್ಟೋ ದಶಕ ಕಳೆದಿದ್ದವೆಂದು ಅವನಿಗೆ ತಿಳಿದದ್ದು ಆಮೇಲೆ. ಮರ ತನ್ನೊಳಗಿನ ಕೊಳೆಯ ಸುತ್ತ ತಾನೇ ಒಂದು ಬೇಲಿ ಕಟ್ಟಿಕೊಳ್ಳುತ್ತದೆ. ಸ್ವಚ್ಛ ಮಾಡುವ ಉಳಿ ಮೊದಲು ಹಾಳುಮಾಡುವುದು ಆ ಬೇಲಿಯನ್ನೇ. ಗಾಳಿಗೆ ಮರ ತೂಗುತ್ತದೆ, ಸಿಮೆಂಟು ತೂಗುವುದಿಲ್ಲ. ಎರಡರ ನಡುವೆ ನೀರು ನಿಲ್ಲುತ್ತದೆ, ಕೊಳೆ ಬೆಳೆಯುತ್ತದೆ. ಹೊರಗೆ ತೊಗಟೆ ಮುಚ್ಚಿಕೊಂಡು ಎಲ್ಲ ವಾಸಿಯಾದಂತೆ ಕಾಣುತ್ತದೆ.

"ಗಿರಿಜಕ್ಕಾ, ಗಾಡಿ ಆ ಕಡೆ ಹಚ್ಚವ್ವಾ, ಒಂದೆರಡು ದಿವಸ."

"ಹಸಿರು ಅಂದ್ರಿ, ಈಗ ಗಾಡಿ ಎತ್ತು ಅಂತೀರಿ. ಆ ಕಡೆ ಬಿಸಿಲು ಐತಿ, ಗಟಾರ ಐತಿ. ಬಸ್ಸಿನ ಮಂದಿ ನೆರಳು ಬಿಟ್ಟು ಅಲ್ಲಿಗೆ ಬರ್ತಾರೇನ್ರಿ?"

ಬಸ್ಸಿಗೆ ಕಾಯುವವರೂ ಅದೇ ಕೊಂಬೆಗಳ ಕೆಳಗೇ ನಿಂತಿದ್ದರು. ಹದಿನಾಲ್ಕು ಜನ. ಭಾರದ ಎರಡು ಕೊಂಬೆಗಳನ್ನು ಮೊಟಕು ಮಾಡಿದರೆ ಮರವೂ ಉಳಿದೀತು, ಮಂದಿಯೂ ಉಳಿದಾರು. ಆದರೆ ಹಸಿರು ಬಂದ ಮರಕ್ಕೆ ಮೂರು ವರ್ಷ ಗರಗಸ ಮುಟ್ಟಿಸುವಂತಿಲ್ಲ. 2051ರ ನಿಯಮ ಅದು. ಕೆಂಪು ಬಂದರೆ ಏಳು ದಿನದಲ್ಲಿ ಕಡಿಯಬೇಕು. ಆ ನಿಯಮ ಬರುವ ಮೊದಲು ಮರಕ್ಕೆ ನೋಟಿಸು ಅಂಟಿಸಿ, ಆಕ್ಷೇಪಣೆಗೆ ಹತ್ತು ದಿನ ಬಿಟ್ಟು, ವಿಚಾರಣೆ ನಡೆಸುತ್ತಿದ್ದರು. ಕಡಿಯಿರೆನ್ನುವವರು ಒಂದು ಕಡೆ, ಕಾಂಡ ತಬ್ಬಿ ನಿಲ್ಲುವವರು ಇನ್ನೊಂದು ಕಡೆ. ಇಬ್ಬರೂ ಬೈಯುತ್ತಿದ್ದುದು ಮರವೈದ್ಯನನ್ನು. ಯಂತ್ರ ಬಂದ ದಿನ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಹಗುರಾದವನು ಫಕೀರಪ್ಪ. ಇನ್ನು ವಾದ ಮಾಡುವುದಿಲ್ಲ, ಪಟ್ಟಿ ಬಿಗಿದರೆ ಮುಗಿಯಿತು.

ಅವನು ಒಳಗನ್ನಡಿಯನ್ನು ರೂಪಿಸಿದ ವಿಜ್ಞಾನಿಗೆ ಫೋನು ಮಾಡಿದ. ಮಧ್ಯಾಹ್ನದ ಹೊತ್ತಿಗೆ ಡಾ. ಮೆಹರುನ್ನಿಸಾ ನದಾಫ ಬಂದರು. ಅವರೂ ದಣಿದಿದ್ದರು, ಅರವತ್ಮೂರು ಊರುಗಳಲ್ಲಿದ್ದ ಪಟ್ಟಿಗಳ ದೂರುಗಳೆಲ್ಲ ಅವರ ಮೇಜಿಗೇ ಬರುತ್ತಿದ್ದವು. ಕೊಡತಿ ಇಸಿದುಕೊಂಡು ತಾವೇ ಎರಡು ಸಲ ಬಡಿದು ನೋಡಿದರು.

"ಸಿಮೆಂಟು?"

"ಹೌದ್ರಿ ಮೇಡಂ."

"ಸಿಮೆಂಟಿನಾಗ ಸದ್ದು ಮರಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜೋರು ಓಡ್ತದ. ಯಂತ್ರ ಅನುಮಾನ ಪಡಬೇಕಿತ್ತು. ಯಾಕ ಪಡಲಿಲ್ಲ?"

ಫಕೀರಪ್ಪ ಚಹಾದ ಗ್ಲಾಸನ್ನು ಕೈಯಲ್ಲಿ ತಿರುಗಿಸುತ್ತ ಕುಳಿತ. "ನೀವು ಅದಕ್ಕ ಕಲಿಸುವಾಗ ನನಗ ನಲವತ್ತು ಗಟ್ಟಿ ಮರ ತೋರಸ್ರಿ ಅಂದಿದ್ರಿ."

ಒಳಗನ್ನಡಿ ಕಲಿತದ್ದು ಹಾಗೆ. ಇದು ಗಟ್ಟಿ, ಇದು ಕೊಳೆತದ್ದು ಎಂದು ಬಲ್ಲವರು ಗುರುತು ಹಾಕಿದ ಮರಗಳ ಸದ್ದನ್ನು ಸಾವಿರ ಸಾವಿರ ಸಲ ಕೇಳಿ, ವ್ಯತ್ಯಾಸವನ್ನು ತಾನೇ ಗ್ರಹಿಸಿಕೊಂಡಿತು. ಗಟ್ಟಿ ಮರಗಳ ಗುರುತು ಹಾಕಿದವನು ಫಕೀರಪ್ಪ. ಈ ಊರಿನ ಪಾಠವನ್ನೇ ಉಳಿದ ಊರುಗಳ ಪಟ್ಟಿಗಳೂ ಹೊತ್ತುಕೊಂಡು ಹೋದವು.

"ಆ ನಲವತ್ತರಾಗ ಇಂಥಾವು ಎಷ್ಟು?"

"ಹನ್ನೊಂದು."

ಡಾ. ನದಾಫ ಕೊಡತಿಯನ್ನು ಕೆಳಗಿಟ್ಟರು. "ಗಟ್ಟಿ ಅಂತ ತಿಳದಿದ್ರೇನು ನೀವು?"

"ಇಪ್ಪತ್ತು ವರ್ಷ ನಿಂತಿದ್ದವ್ರಿ. ಬಾಯಿ ಮುಚ್ಚಿದ್ದವು. ಗಟ್ಟಿನೇ ಅಂತ ತಿಳದಿದ್ದೆ."

"ತಿಳದಿದ್ರೋ, ಹಂಗ ತಿಳಕೋಬೇಕು ಅನಸಿತ್ತೋ?"

ನಿಯಮ ಬಂದ ವರ್ಷ ಪ್ರತಿ ಮರವೈದ್ಯನೂ ಒಂದು ಅರ್ಜಿ ತುಂಬಬೇಕಿತ್ತು: ಯಾವ ಮರದ ಒಳಗೆ ಏನು ತುಂಬಿದ್ದೀರಿ? ಅಷ್ಟರಲ್ಲಿ ಫಕೀರಪ್ಪ ಹೊಸಬರಿಗೆ ಪಾಠ ಹೇಳುವವನಾಗಿದ್ದ. ಸಿಮೆಂಟು ತುಂಬುವುದು ಮೂರ್ಖತನವೆಂದು ಮೊದಲ ದಿನವೇ ಹೇಳುತ್ತಿದ್ದ. ಅರ್ಜಿಯಲ್ಲಿ 'ಯಾವುದೂ ಇಲ್ಲ' ಎಂದು ಬರೆದು ಸಹಿ ಹಾಕಿದ್ದ.

"ಒಂದು ಕೆಲಸ ಮಾಡೋಣು," ಎಂದರು ಡಾ. ನದಾಫ, ದನಿ ತಗ್ಗಿಸಿ. "ಈ ಮರಕ್ಕ ಸಲಕರಣೆ ದೋಷ ಅಂತ ನಾ ಬರದು ಕೊಡ್ತೀನಿ. ಹಸಿರು ರದ್ದಾಗ್ತದ. ಕೊಂಬಿ ನೀವು ಇಳಸ್ರಿ. ನಿಮ್ಮ ಹೆಸರು ಬರೂದಿಲ್ಲ."

"ಉಳದ ಹತ್ತು?"

"ವರ್ಷಕ್ಕ ಎರಡು ಮೂರಕ್ಕ, ಹಿಂಗ ದೋಷ ಅಂತ ಬರದು..."

"ಬ್ಯಾರೆ ಊರಾಗ ನನ್ನಂಗ ತುಂಬಿದವರು ಇರಾಕಿಲ್ಲೇನ್ರಿ? ಅಲ್ಲೆಲ್ಲ ನಿಮ್ಮ ಪಟ್ಟಿ ಹಸಿರು ತೋರಿಸ್ಲಿಕ್ಕ ಹತ್ತಿರಬೇಕು."

"ನನಗ ಗೊತ್ತದ, ಫಕೀರಪ್ಪಾರ!" ಡಾ. ನದಾಫರ ದನಿ ಏರಿತು. ಗಿರಿಜವ್ವ ಬಾಣಲೆಯಿಂದ ತಲೆ ಎತ್ತಿ ನೋಡಿದಳು. "ಅರವತ್ಮೂರು ಊರು ಮತ್ತ ಅಳೀಬೇಕು. ಮಂದಿ ಯಂತ್ರ ಒಗೀರಿ ಅಂತಾರ. ಮತ್ತ ಆ ನೋಟಿಸು, ಆ ವಿಚಾರಣೆ, ಆ ಜಗಳ. ನೀವು ಆ ಹಳೇ ಅರ್ಜಿ ತಿದ್ದಿ ಕೊಟ್ಟ ಗಳಿಗ್ಗೆ ನಿಮ್ಮ ಪರವಾನಗಿ ಹೋಗ್ತದ. ಈ ವಯಸ್ಸಿನಾಗ ಮತ್ತ ಸಿಗೂದಿಲ್ಲ."

"ಗೊತ್ತೈತ್ರಿ."

ಬಸ್ಸು ಬಂತು. ಕಾಯುತ್ತಿದ್ದವರೆಲ್ಲ ಹತ್ತಿದರು. ಬಸ್ಸು ಹೋಗುವಷ್ಟರಲ್ಲಿ ನೆರಳಿಗೆ ಇನ್ನೂ ಆರು ಜನ ಬಂದು ನಿಂತರು, ಒಬ್ಬಳ ಕಂಕುಳಲ್ಲಿ ಕೂಸು. ಯಾರೂ ಮೇಲೆ ನೋಡಲಿಲ್ಲ. ಮೇಲೆ ನೋಡುವ ಅಗತ್ಯ ಇಲ್ಲವೆಂದು ವರದಿಯ ಗುರುತಾಗಿ ಕಾಂಡಕ್ಕೆ ಜೋತುಬಿಟ್ಟ ಹಸಿರು ಬಿಲ್ಲೆ ಹೇಳುತ್ತಿತ್ತು.

ಫಕೀರಪ್ಪ ಫೋನಿನಲ್ಲಿ ಆ ಹಳೆಯ ಅರ್ಜಿ ತೆರೆದ. ಹನ್ನೊಂದು ಮರಗಳ ಜಾಗ ನೆನಪು ಮಾಡಿಕೊಳ್ಳಬೇಕಾಗಲಿಲ್ಲ. ಅವುಗಳ ಪಕ್ಕ ಹಾದುಹೋಗುವಾಗಲೆಲ್ಲ ಅವನು ರಸ್ತೆಯ ಆ ಕಡೆಗೆ ದಾಟುತ್ತಿದ್ದ. ಡಾ. ನದಾಫ ಪಕ್ಕದಲ್ಲಿ ಕುಳಿತು ನೋಡುತ್ತಿದ್ದರು. ಏಳನೆಯ ಮರಕ್ಕೆ ಬಂದಾಗ ಅವನ ಬೆರಳು ತಪ್ಪಾದ ಚೌಕದೊಳಗೆ ವರ್ಷ ಬರೆಯಿತು. ಅವರೇ ಬಗ್ಗಿ ತಿದ್ದಿಕೊಟ್ಟರು. ಕೆಳಗಿನ ಸಾಲಿನಲ್ಲಿ, ಯಂತ್ರದ ಕಲಿಕೆಯೂ ಇದರಿಂದ ಕೆಟ್ಟಿದೆ ಎಂದು ತಮ್ಮ ಹೆಸರಿನಲ್ಲಿ ಒಂದು ವಾಕ್ಯ ಸೇರಿಸಿದರು.

ಅರ್ಜಿ ಹೋಯಿತು. ಉತ್ತರ ತಕ್ಷಣ ಬಂತು: ಜಕಾತಿ ನಾಕಾದ ಮರದ ವರದಿ ರದ್ದು, ಮರವೈದ್ಯರ ಪರವಾನಗಿ ಅಮಾನತು.

ಮೂರನೆಯ ದಿನ ಬೆಳಿಗ್ಗೆ ಬೇರೆ ತಂಡ ಬಂದು ಹಗ್ಗ ಕಟ್ಟಿ ಬುಡವನ್ನು ಸುತ್ತುವರಿಯಿತು. ಫಕೀರಪ್ಪ ಹಗ್ಗದ ಈಚೆ, ಗಟಾರದ ಪಕ್ಕ, ಬಿಸಿಲಲ್ಲಿ, ಗಿರಿಜವ್ವನ ಗಾಡಿಯ ಹತ್ತಿರ ನಿಂತಿದ್ದ. ತೊಟ್ಟಿಲು ತಂತಿಗಳ ನಡುವೆ ನುಗ್ಗಲಾರದೆ ಎರಡು ಸಲ ಹಿಂದೆ ಬಂತು. ಅವನು ಚೀಲದಿಂದ ಹಗ್ಗವನ್ನೂ ಕೈಗರಗಸವನ್ನೂ ತೆಗೆದು, ಅವರು ಕೇಳುವ ಮೊದಲೇ, ತಂಡದ ಮುಖಂಡನ ಕೈಗೆ ಕೊಟ್ಟು ಬಂದ.

"ಗಾಡಿ ಎತ್ತು ಅಂದಾಗ ನಿಮಗ ನಾ ಬೈದೆ ಅಂತ ಸಿಟ್ಟೇನ್ರಿ ಅಣ್ಣಾರ?" ಎಂದಳು ಗಿರಿಜವ್ವ.

"ಬೈಸಿಕೊಳ್ಳೂದು ರೂಢಿ ಆಗೇತವ್ವಾ. ಯಂತ್ರ ಬಂದ ಮ್ಯಾಲ ಎಂಟು ವರ್ಷ ತಪ್ಪಿತ್ತು ಅಷ್ಟ."

ಕೊಂಬೆಗಳ ಭಾರ ಇಳಿಸಿದ ಮೇಲೆ ಒಬ್ಬ ಉಳಿ ಹಿಡಿದು ತೊಗಟೆಯ ತುಟಿಯನ್ನು ಬಿಡಿಸಿದ. ಸಿಮೆಂಟು ಸ್ವಲ್ಪವೂ ಮುಕ್ಕಾಗಿರಲಿಲ್ಲ. ಅದರ ಪಕ್ಕಕ್ಕೆ ತೂರಿಸಿದ ಕೈ ಮೊಣಕೈವರೆಗೂ ಒಳಗೆ ಹೋಯಿತು. ಹೊರಗೆ ಬಂದಾಗ ಮುಷ್ಟಿ ತುಂಬ ನಶ್ಯದಂಥ ಒದ್ದೆ ಪುಡಿ.

"ಇಲ್ಲೇನೋ ಬರದೈತ್ರಿ!" ಎಂದು ಅವನು ಕೂಗಿದ. "ಹಸೀ ಸಿಮೆಂಟಿನಾಗ ಬೆರಳಿಲೇ ಬರದಾರ. ಹೆಸರು ಐತಿ, ತಾರೀಕು ಐತಿ. ಹದಿನಾಲ್ಕು, ಎಂಟು, ಇಪ್ಪತ್ತಾರು."

ಎಲ್ಲರೂ ಅದನ್ನು ನೋಡಲು ಮುಂದೆ ನುಗ್ಗಿದರು. ಫಕೀರಪ್ಪ ಮಾತ್ರ ಇದ್ದಲ್ಲೇ ನಿಂತ. ಅವನಿಗೆ ಆ ಸಂಜೆ ನೆನಪಿತ್ತು. ಫೋಟೋ ತೆಗೆಯುವವರು ಹೋದ ಮೇಲೆ ಎದುರಿನ ಶಾಲೆಯ ತೋಟದ ಮಾಲಿ ಸೈಕಲ್ ನಿಲ್ಲಿಸಿ, ಬಾಯಿ ಮುಚ್ಚಿಬಿಟ್ಟರೆ ಒಳಗೆ ಏನಾಗುತ್ತಿದೆಯೆಂದು ಮುಂದಿನವರಿಗೆ ಹೇಗೆ ತಿಳಿಯಬೇಕು ಎಂದು ಕೇಳಿದ್ದ. ಫಕೀರಪ್ಪ ನಕ್ಕು, ಬೆರಳಿನಿಂದ ತನ್ನ ಹೆಸರು ಬರೆದಿದ್ದ.

ಆಗ ಸಿಮೆಂಟು ಇನ್ನೂ ಹಸಿಯಾಗಿತ್ತು. ಬರಿಗೈಯಿಂದ ತೆಗೆದುಬಿಡಬಹುದಿತ್ತು.