ಕುಂಬಾರ ಹುಳದ ಸಾಕ್ಷಿ

ಛಟ್ಟಿ ಅಮಾವಾಸ್ಯೆ ಕಳೆದು ಐದನೆಯ ದಿನ. ಕಾಗವಾಡದ ಹೊರಗಿನ ತೋಟಗಳಲ್ಲಿ ಕಬ್ಬಿನ ಕಟಾವು ಜೋರಾಗಿತ್ತು. ಕಡಿಯುವವರ ಟೋಳಿ ಬೆಳಕು ಹರಿಯುವ ಮೊದಲೇ ಹೊಲಕ್ಕೆ ಇಳಿದಿತ್ತು. ಕುಡುಗೋಲುಗಳ ಸದ್ದು ರಸ್ತೆಯ ತನಕ ಕೇಳುತ್ತಿತ್ತು.

ಹಾಲಸಿದ್ದ ಬಸ್ಸಿನಿಂದಿಳಿದು, ಹೆಗಲಿಗೆ ಚೀಲ ಏರಿಸಿ, ಬದುವಿನ ಗುಂಟ ನಡೆದ. ಅಥಣಿಯ ಬಸ್‌ಸ್ಟ್ಯಾಂಡಿನ ಹಿಂದೆ ಅವನದು ಗಾಡಿಗಳ ವೈರಿಂಗ್ ಅಂಗಡಿ. ಅಪ್ಪ ಕುರಿ ಕಾಯ್ದವನು. ತಪ್ಪಿಸಿಕೊಂಡ ಕುರಿಯನ್ನು ಹೆಜ್ಜೆ ನೋಡಿ ನೋಡಿ ಹುಡುಕುವವನ ನಿಧಾನ ಮಗನಿಗೂ ಇಳಿದಿತ್ತು. ಗಿರಾಕಿಗಳು ಬೈಯುತ್ತಿದ್ದರು, ಮತ್ತೆ ಅವನಲ್ಲಿಗೇ ಬರುತ್ತಿದ್ದರು.

ತೋಟದ ಮನೆಯ ಮಗ್ಗುಲಿನ ಶೆಡ್ಡಿನಲ್ಲಿ ಕಾರು ಬಾನೆಟ್ ತೆರೆದುಕೊಂಡು ನಿಂತಿತ್ತು. ಅದರ ಮುಂದೆ ಗೋಣಿಚೀಲ. ಚೀಲದ ಮೇಲೆ ಅಂಗೈಗಿಂತ ಸ್ವಲ್ಪ ದೊಡ್ಡ ತಗಡಿನ ಡಬ್ಬಿ.

"ಇದ ನೋಡಪಾ ಹೆಣ," ಎಂದರು ಮನೆಯ ಯಜಮಾನ ರಾವಸಾಹೇಬರು.

ಅದು ಎಂಜಿನ್ನಿನ ಕಂಪ್ಯೂಟರು. ಕಾರು ಹತ್ತು ವರ್ಷ ಹಳೆಯದು, ಜಪಾನಿನದು. ಎರಡು ವರ್ಷದ ಹಿಂದೆ, ತೊಂಬತ್ತೈದರಲ್ಲಿ, ದ್ರಾಕ್ಷಿಗೆ ಒಳ್ಳೆಯ ರೇಟು ಸಿಕ್ಕಾಗ ರಾವಸಾಹೇಬರು ಅದನ್ನು ಮುಂಬೈಯಿಂದ ತರಿಸಿದ್ದರು. ಪೆಟ್ರೋಲು ಎಷ್ಟು, ಕಿಡಿ ಯಾವಾಗ ಎಂದು ಎಂಜಿನ್ನಿಗೆ ಹೇಳುವುದು ಆ ಡಬ್ಬಿಯ ಕೆಲಸ. ಅದು ಮೂಕವಾದರೆ ಕಾರು ಬರೀ ತಗಡು.

"ಅಮಾವಾಸಿ ಹಿಂದಿನ ಸಂಜಿ ನನ್ನ ಅಥಣಿಯಿಂದ ನೀಟಾಗಿ ತಂದೈತಿ. ಅಮಾವಾಸಿ ಮರುದಿನ ಚಾಲೂನ ಆಗ್ಲಿಲ್ಲ. ನಿನ್ನೆ ಮಿರಜದಿಂದ ಒಬ್ಬ ಮೇಸ್ತ್ರಿ ಬಂದು ಬಿಚ್ಚಿ ನೋಡಿದ. ಇದು ಗುಜರಿ ಡಬ್ಬಿ, ನಿಮ್ಮ ಛಲೋದನ್ನ ಯಾರೋ ಹೊಡದು ಇದನ್ನ ತುರಕ್ಯಾರ ಅಂದ."

"ಚಾವಿ ಯಾರ ಕಡೆ ಇರತೈತ್ರಿ?"

ರಾವಸಾಹೇಬರು ಗದ್ದದಿಂದ ತೋರಿಸಿದರು. ಶೆಡ್ಡಿನ ಕಂಬಕ್ಕೆ ಒರಗಿ ಡ್ರೈವರ್ ಭೀಮಸಿ ಕುಕ್ಕರಗಾಲಲ್ಲಿ ಕುಳಿತಿದ್ದ. ಹನ್ನೊಂದು ವರ್ಷದಿಂದ ಆ ಮನೆಯ ಟ್ರ್ಯಾಕ್ಟರು, ಈಗ ಕಾರು, ಎರಡೂ ಅವನ ಕೈಯಲ್ಲಿ.

"ಸಂಜೀಕ ಪೊಲೀಸರಿಗೆ ಒಪ್ಪಿಸ್ತೀನಿ," ಎಂದರು ರಾವಸಾಹೇಬರು.

"ಪೊಲೀಸರ್ಯಾಕಣ್ಣಾ," ಎಂದ ಅವರ ತಮ್ಮ ಬಾಬಾಸಾಹೇಬ. ದ್ರಾಕ್ಷಿ ತೋಟದ ಹೊಣೆ ಪೂರಾ ಅವನದು. "ಕೆಲಸದಿಂದ ಬಿಡಿಸಿದ್ರ ಸಾಕು. ಪಾಪ, ಮಕ್ಕಳೊಂದಿಗ."

"ಕದ್ದಾಂವಗ ಪಾಪ ಏನಲೇ?"

ಕಟ್ಟೆಯ ಮೇಲೆ ಕುಳಿತ ತಾಯಿ ಕೆಂಚವ್ವ ಎಲೆಗೆ ಸುಣ್ಣ ಹಚ್ಚುತ್ತಲೇ ಅಂದಳು: "ಹಾಲಸಿದ್ದನ್ನ ಕರಸಿದಾಕಿ ನಾನು. ಮುಂಜಾನೆ ಟೋಳಿಯವರ ಮುಂದ ಭೀಮಸಿಗೆ ಕಳ್ಳ ಅಂದೀ. ಅಂದದ್ದು ಖರೇ ಐತೋ ಇಲ್ಲೋ, ಅಷ್ಟರ ತಿಳೀಲಿ. ಸಂಜೀತನ ಗಪ್ಪ ಕುಂದ್ರು."

* * *

ಹಾಲಸಿದ್ದ ಡಬ್ಬಿಯನ್ನು ಮುಟ್ಟಲಿಲ್ಲ. ಮೊದಲು ಬ್ಯಾಟರಿ ನೋಡಿದ. ದೀಪಗಳು ಪ್ರಖರವಾಗಿದ್ದವು. ಚಾವಿ ತಿರುಗಿಸಿದ. ಎಂಜಿನ್ನು ಗರಗರ ತಿರುಗಿತು, ಹತ್ತಲಿಲ್ಲ. ಪ್ಲಗ್ಗಿನ ವೈರು ಕಿತ್ತು ಎಂಜಿನ್ನಿನ ಮೈಗೆ ಹತ್ತಿರ ಹಿಡಿದು, ಭೀಮಸಿಗೆ ಚಾವಿ ತಿರುಗಿಸಲು ಹೇಳಿದ. ಕಿಡಿ ಇಲ್ಲ.

ಆಮೇಲೆ ಡಬ್ಬಿಯನ್ನು ಅದರ ವೈರುಗಳಿಗೆ ಜೋಡಿಸಿ ಮತ್ತೊಮ್ಮೆ ನೋಡಿದ. ಚಾವಿ ಹಾಕಿದೊಡನೆ ಎದುರಿನ ಮೀಟರುಗಳ ಗಾಜಿನಲ್ಲಿ ಎಂಜಿನ್ನಿನ ಚಿತ್ರದ ಹಳದಿ ದೀಪ ಹತ್ತಬೇಕು. ಹತ್ತಲಿಲ್ಲ. ಟೆಸ್ಟ್ ಲ್ಯಾಂಪ್ ಹಿಡಿದ. ಡಬ್ಬಿಯ ತನಕ ಕರೆಂಟು ಬರುತ್ತಿತ್ತು. ಒಳಗೆ ಹೋದದ್ದು ಹೊರಗೆ ಬರುತ್ತಿರಲಿಲ್ಲ.

"ಸತ್ತದ್ದು ಖರೇ," ಎಂದ.

"ನಾನೂ ಅದನ್ನ ಹೇಳಿದ್ನಲ್ಲ," ಎಂದರು ರಾವಸಾಹೇಬರು.

"ಸತ್ತೈತಿ ಅಂದ್ನಿ. ಬದಲಿ ಆಗೇತಿ ಅನ್ಲಿಲ್ರಿ."

ಡಬ್ಬಿ ಬಿಚ್ಚಿಕೊಂಡು ಬಿಸಿಲಿಗೆ ಹಿಡಿದ. ಒಂದು ಅಂಚಿನಲ್ಲಿ ಒಣಮಣ್ಣಿನ ತುಣುಕು ಅಂಟಿತ್ತು. ಹೆಬ್ಬೆರಳಿನಷ್ಟು, ಒಳಗೆ ಟೊಳ್ಳು. ಮಿರಜದ ಮೇಸ್ತ್ರಿ ಅದನ್ನು ಕೊಳೆ ಎಂದುಕೊಂಡಿರಬೇಕು. ಹಾಲಸಿದ್ದ ಬೆನ್ನಿನ ಮೇಲೆ ಮಲಗಿ ತಲೆಯನ್ನು ಮುಂಗಡೆಯ ಸೀಟಿನ ಕೆಳಗೆ ತೂರಿಸಿದ. ಡಬ್ಬಿ ಕೂರುವ ತಗಡಿನ ಮೇಲೂ ಅಂಥದೇ ಮಣ್ಣು.

ಡಬ್ಬಿಯನ್ನು ಅದರ ಜಾಗಕ್ಕೆ ಒತ್ತಿದ. ಮಣ್ಣಿನ ಎರಡು ತುಣುಕು ಕೂಡಿ ಒಂದಾದವು. ಒಡೆದ ಗೆರೆಗೆ ಗೆರೆ ಕೂತಿತು.

"ಭೀಮಸಿ, ಈ ಗಾಡಿ ಗಾಜು ಇಳಿಸಿ ನಿಲ್ಲಿಸಿದ್ದು ಯಾವಾಗ?"

"ಬ್ಯಾಸಿಗ್ಯಾಗ್ರಿ. ಒಳಗ ಕಾಯತಿತ್ತಂತ."

"ಆವಾಗ ಕುಂಬಾರ ಹುಳ ಬಂದು ಮನಿ ಕಟ್ಟೇತಿ. ಅರ್ಧ ಡಬ್ಬಿ ಮ್ಯಾಲ, ಅರ್ಧ ಕಾರಿನ ಮ್ಯಾಲ. ನಿನ್ನೆ ಮೇಸ್ತ್ರಿ ಬಿಚ್ಚಿದಾಗ ಒಡದೈತಿ." ಹಾಲಸಿದ್ದ ಎದ್ದು ಕುಳಿತ. "ಡಬ್ಬಿ ನಡುವ ಬದಲಿ ಆಗಿದ್ರ ಈ ಅರ್ಧಕ್ಕ ಆ ಅರ್ಧ ಹ್ಯಾಂಗ ಕೂಡತೈತ್ರಿ? ಇದು ನಿಮ್ಮದ ಡಬ್ಬಿ. ಯಾರೂ ಕದ್ದಿಲ್ಲ."

ರಾವಸಾಹೇಬರು ತಾವೇ ಬಗ್ಗಿ ನೋಡಿದರು. ಎರಡು ಸಲ ನೋಡಿದರು.

"ಕದ್ದಿಲ್ಲ ಅಂದ್ರ ಕೆಡಿಸ್ಯಾನ," ಎಂದರು ಎದ್ದು. ದನಿ ಮಾತ್ರ ಮೊದಲಿನಷ್ಟು ಗಟ್ಟಿ ಇರಲಿಲ್ಲ.

* * *

ಹಾಲಸಿದ್ದ ಡಬ್ಬಿಯ ಮುಚ್ಚಳ ತೆಗೆದ. ಸುಟ್ಟ ವಾಸನೆ. ಕರೆಂಟು ಬರುವ ಕಡೆ ಎಲ್ಲವೂ ಸರಿಯಾಗಿತ್ತು. ಕಾರಿನ ಮೈಗೆ ಕೂಡುವ ಅರ್ಥ್ ವೈರಿನ ಮೂಲೆಯಲ್ಲಿ ಮಾತ್ರ ಕಪ್ಪು ಕಲೆ. ಅವನಿಗೆ ಕುತೂಹಲ ಹೆಚ್ಚಾಯಿತು. ಬೆಂಕಿ ಬ್ಯಾಟರಿಯಿಂದ ಬಂದಿರಲಿಲ್ಲ. ಕಾರಿನ ಮೈಯಿಂದ ಬಂದಿತ್ತು.

ಮೈಗೆ ಕರೆಂಟು ಕೊಟ್ಟವರು ಯಾರು?

ಕಾರಿನ ಸುತ್ತ ಒಂದು ಸುತ್ತು ಬಂದ. ಹಿಂದಿನ ಬಂಪರಿನ ಹತ್ತಿರ ನಿಂತ. ಬಂಪರನ್ನು ಹಿಡಿದ ಎಡಗಡೆಯ ಕಬ್ಬಿಣದ ಪಟ್ಟಿಗೆ ಹೊಸ ಕರಿ ಬಣ್ಣ. ಬಲಗಡೆಯದಕ್ಕೆ ಹಳೆಯ ಧೂಳು. ಡಿಕ್ಕಿಯ ಸಂದಿಯಲ್ಲಿ ಬೆರಳಾಡಿಸಿದ. ತುದಿಗೆ ತಿಳಿನೀಲಿ ಪುಡಿ ಹತ್ತಿತು. ದ್ರಾಕ್ಷಿಗೆ ಹೊಡೆಯುವ ಮೈಲುತುತ್ತದ ನೀಲಿ.

ಚೀಲದಿಂದ ಹಳೆಯ ಸ್ಪೀಕರಿನ ಅಯಸ್ಕಾಂತ ತೆಗೆದು ಬಂಪರಿನ ಕೆಳಗಿನ ನೆಲದ ಮೇಲೆ ಎಳೆದ. ಸಾಸಿವೆಯಂಥ ಕಬ್ಬಿಣದ ಕಾಳುಗಳು ಅಂಟಿಕೊಂಡವು. ಅವನ್ನು ಬೀಡಿಯ ಕಾಗದದಲ್ಲಿ ಕಟ್ಟಿ ಜೇಬಿಗಿಟ್ಟ.

ಕೆಂಚವ್ವ ಚಹಾ ಕಳಿಸಿದಳು. ಹಾಲಸಿದ್ದ ಕಟ್ಟೆಯ ಕೆಳಗೆ ಕುಳಿತು ಬಸಿಗೆ ಸುರಿದುಕೊಂಡ.

"ಅಮಾವಾಸಿ ದಿನ ಮನ್ಯಾಗ ಯಾರ್ಯಾರಿದ್ರಿ, ಯವ್ವಾ?"

"ಯಾರೂ ಇಲ್ಲ. ಎಲ್ಲಾರೂ ಯಡೂರಿಗೆ ಹೋಗಿದ್ವಿ, ವೀರಭದ್ರನ ದರ್ಶನಕ್ಕ. ಟ್ರ್ಯಾಕ್ಟರ್ ಮ್ಯಾಲ, ಹದಿನಾರು ಮಂದಿ. ಭೀಮಸೀನ ಹೊಡದಾಂವ."

"ಕಾರ್ ಬಿಟ್ಟು ಟ್ರ್ಯಾಕ್ಟರ್ಯಾಕ್ರಿ?"

"ಅದರಾಗ ಕುಂದ್ರಬೇಕಂದ್ರ ಕಾಲ ತೊಳೀಬೇಕಪಾ. ಮೊಮ್ಮಕ್ಕಳು ಗಾಜು ಮುಟ್ಟಿದ್ರ ನನ್ನ ಮಗನ ಜೀವಾ ಹೋಗತೈತಿ." ಅವಳು ನಕ್ಕಳು. "ಸಣ್ಣಾಂವ ಒಬ್ಬಾಂವ ಉಳದಿದ್ದ. ಕೆಲಸಗಾರಪಾ ಅಂವ. ನಾವು ಹೋದ ಮ್ಯಾಲ ಮೋಡ ಕವೀತು. ದ್ರಾಕ್ಷಿ ಹೂವಿನ್ಯಾಗಿತ್ತು, ರೋಗ ಬಿದ್ರ ಈ ವರ್ಷದ್ದು ಮುಗೀತು. ನಾವು ಹೊಳ್ಳಿ ಬರೂದರಾಗ ಇಡೀ ತ್ವಾಟಕ್ಕ ಔಷಧ ಹೊಡದಿದ್ದ."

ಹಾಲಸಿದ್ದ ಬಸಿ ಕೆಳಗಿಟ್ಟ. ಬಾವಿಯ ಹತ್ತಿರ ಔಷಧದ ಟಾಕಿ ನಿಂತಿತ್ತು. ಎರಡು ಗಾಲಿ, ಐನೂರು ಲೀಟರು.

"ಎತ್ತು ಅದಾವೇನ್ರಿ?"

"ಮಾರಿ ಎರಡು ವರ್ಷಾತು."

"ನೆರಮನೀ ಟ್ರ್ಯಾಕ್ಟರು?"

"ಸೀಜನ್ನಿನ್ಯಾಗ ಯಾವ ಟ್ರ್ಯಾಕ್ಟರ್ ಮನ್ಯಾಗ ಇರತಾವು? ಎಲ್ಲಾ ಕಬ್ಬು ಹೇರತಿದ್ವು."

"ಮತ್ತ ಆ ಟಾಕಿ ಎಳದವರು ಯಾರು, ಯವ್ವಾ?"

ಕೆಂಚವ್ವನ ಕೈಯೊಳಗಿನ ಎಲೆ ಅಲ್ಲೇ ನಿಂತಿತು. ಅವಳು ತಲೆ ಎತ್ತಿ ಬಾಬಾಸಾಹೇಬನನ್ನು ಹುಡುಕಿದಳು. ಅವನು ಶೆಡ್ಡಿನ ಬಾಗಿಲಲ್ಲಿ ನಿಂತು ಚಪ್ಪಲಿಯಿಂದ ಮಣ್ಣು ಕೆದರುತ್ತಿದ್ದ.

* * *

ಎಲ್ಲರೂ ಕಾರಿನ ಹಿಂದೆ ಸೇರಿದರು. ಹಾಲಸಿದ್ದ ಕಾಗದ ಬಿಚ್ಚಿ ಕಾಳುಗಳನ್ನು ರಾವಸಾಹೇಬರ ಅಂಗೈಗೆ ಸುರಿದ.

"ಇವು ವೆಲ್ಡಿಂಗಿನ ಕಿಡಿ ಆರಿ ಆದ ಕಾಳು. ಬಂಪರಿನ ಪಟ್ಟಿ ಹರದಿತ್ತು, ಇಲ್ಲೇ ಬೆಸದಾರ, ಮ್ಯಾಲ ಬಣ್ಣಾ ಬಳದಾರ. ಬ್ಯಾಟರಿ ವೈರು ಬಿಚ್ಚಿಲ್ಲ. ವೆಲ್ಡಿಂಗಿನ ಕರೆಂಟು ಕಾರಿನ ಮೈಯೆಲ್ಲಾ ಹರದು ಡಬ್ಬಿ ಸುಟ್ಟೈತಿ. ಟ್ರ್ಯಾಕ್ಟರಿಗೆ, ಟ್ರೇಲರಿಗೆ ನಾವು ಯಾವಾಗ್ಲೂ ಹಂಗ ಹೊಡೀತೀವಿ. ಅವಕ್ಕ ಡಬ್ಬಿ ಇಲ್ಲ, ಏನೂ ಆಗೂದಿಲ್ಲ."

"ಯಾವತ್ತ ಹೊಡದಾರ?"

"ಆ ವಾರ ತ್ರೀ ಫೇಜ್ ಕರೆಂಟು ಹಗಲೀಗಿತ್ತು, ಹೌದಲ್ರಿ? ಅದಿಲ್ದ ವೆಲ್ಡಿಂಗ್ ನಡಿಯಾಂಗಿಲ್ಲ. ಹಿಂದಿನ ಸಂಜಿ ಗಾಡಿ ಛಲೋ ಇತ್ತು, ಮರುದಿನ ಮುಂಜಾನೆ ಸತ್ತಿತ್ತು. ನಡುವ ಇದ್ದ ಹಗಲು ಒಂದ. ಅಮಾವಾಸಿ. ಆ ಹಗಲು ಭೀಮಸಿ ನಿಮ್ಮ ಮುಂದನ ಸ್ಟೇರಿಂಗ್ ಹಿಡದು ಯಡೂರಿನ್ಯಾಗ ಇದ್ದ."

"ಚಾವಿ ಪಡಸಾಲ್ಯಾಗ ಮೊಳಿಗೆ ಹಾಕಿ ಹೋಗಿದ್ನಿ," ಎಂದ ಭೀಮಸಿ. ಮುಂಜಾನೆಯಿಂದ ಕೇಳದೆ ಅವನಾಡಿದ ಮೊದಲ ಮಾತು ಅದು.

ರಾವಸಾಹೇಬರು ತಮ್ಮನ ಕಡೆ ತಿರುಗಲಿಲ್ಲ. ಅಂಗೈಯ ಕಾಳುಗಳನ್ನೇ ನೋಡುತ್ತ ಕೇಳಿದರು: "ಏನ ಬಾಬಾ?"

ಬಾಬಾಸಾಹೇಬ ಬಂಪರಿನ ಕಡೆ ಕೈ ಮಾಡಿದ. "ಮೋಡ ಇಳದು ಬಂತಣ್ಣಾ. ಟಾಕೀನ ಸರಪಳಿ ಹಾಕಿ ಬಂಪರಿಗೆ ಕಟ್ಟಿದೆ. ತ್ವಾಟೆಲ್ಲಾ ಎಳೀತು. ಕಡೀ ಸಾಲಿಗೆ ಕೆಸರಾಗ ಸಿಕ್ಕು ಪಟ್ಟಿ ಹರೀತು. ಗಾಡಿ ಶೆಡ್ಡಿಗೆ ತಂದು ವೆಲ್ಡರ್ ಸತ್ತೆಪ್ಪನ ಕರಸಿ ಬೆಸಗಿ ಹೊಡಸಿದೆ. ಆಮ್ಯಾಲ ತೊಳದು ಇಟ್ಟೆ. ಡಬ್ಬಿ ಸುಟ್ಟದ್ದು ನನಗೂ ಗೊತ್ತಿರಲಿಲ್ಲ, ದೇವರಾಣಿ."

"ಮರುದಿನ ಚಾಲೂ ಆಗದಾಗ ಗೊತ್ತಾತಲ್ಲ," ಎಂದಳು ಕೆಂಚವ್ವ. "ಇವತ್ತ ಮುಂಜಾನೆ ಅವಗ ಕಳ್ಳ ಅನ್ನೂವಾಗ ಮಗ್ಗಲದಾಗ ನಿಂತಿದ್ದ್ಯಲ್ಲ. ತುಟಿ ಬಿಚ್ಚದ ನಿಂತಿದ್ದಿ."

"ಅದಕ್ಕ ಪೊಲೀಸರು ಬ್ಯಾಡ ಅಂದಿದ್ನಿ ಬೇ."

"ಹೌದು. ನಿನ್ನ ತಪ್ಪಿಗೆ ಅವನ ಅನ್ನ ಅಷ್ಟ ಹೋಗ್ಲಿ ಅಂದಿ. ದೊಡ್ಡ ಮನಸ್ಸು."

ಹಾಲಸಿದ್ದ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿದ. "ಅಂಗಡಿಗೆ ಒಯ್ತೀನಿ. ಸುಟ್ಟದ್ದು ಒಂದ ಮೂಲಿ. ಜೀವಾ ಬರತೈತಂತ ಮಾತ ಕೊಡಾಂಗಿಲ್ಲ," ಎಂದ. ಮಣ್ಣಿನ ಗೂಡಿನ ಅರ್ಧವನ್ನು ಮಾತ್ರ ಉದುರದ ಹಾಗೆ ಬೇರೆ ಸುತ್ತಿ ಕೆಂಚವ್ವನ ಕೈಗೆ ಕೊಟ್ಟ.

ರಾವಸಾಹೇಬರು ಕಾರಿನಿಂದ ಚಾವಿ ಕಿತ್ತು ಭೀಮಸಿಯ ಕಡೆ ಚಾಚಿದರು. "ಹಿಡಿ. ಇದು ನಿನ್ನ ಕಡೇನ ಇರಲಿ."

ಭೀಮಸಿ ಕೈ ಚಾಚಲಿಲ್ಲ.

"ಗಾಡಿ ಚಾಲೂ ಆಗಾಂಗಿಲ್ಲಲ್ರಿ ಅಣ್ಣಾರ, ಚಾವಿ ತಗೊಂಡು ಏನ ಮಾಡ್ಲಿ?" ಹೊಲದ ಕಡೆ ನೋಡಿ ಅಂದ: "ಮುಂಜಾನೆ ನನಗ ಕಳ್ಳ ಅಂದದ್ದು ಇಲ್ಲಿ ಅಲ್ರಿ. ಅಲ್ಲಿ, ಟೋಳಿಯವರ ಮುಂದ. ಅವರು ಇನ್ನೂ ಹೊಲದಾಗ ಅದಾರ."

ರಾವಸಾಹೇಬರ ಕೈ ಹಾಗೇ ಇತ್ತು. ಕೆಂಚವ್ವ ಸುಣ್ಣದ ಡಬ್ಬಿ ಮುಚ್ಚಿದಳು. ಅವರು ಒಮ್ಮೆ ತಾಯಿಯನ್ನು ನೋಡಿ, ಚಪ್ಪಲಿ ಮೆಟ್ಟಿ, ಕಬ್ಬಿನ ಕಡೆ ನಡೆದರು. ಹತ್ತು ಹೆಜ್ಜೆ ಹೋಗಿ ನಿಂತರು.

"ಬಾಬಾ, ನೀನೂ ಬಾ."

ಅಣ್ಣ ಮುಂದೆ, ತಮ್ಮ ಹಿಂದೆ, ರವದಿಯ ಒಣಗರಿ ತುಳಿಯುತ್ತ ಹೋದರು. ಭೀಮಸಿ ಕಂಬದ ಹತ್ತಿರವೇ ನಿಂತು ಕಿವಿಗೊಟ್ಟ. ಹಾಲಸಿದ್ದನೂ ಬಸ್ಸಿನ ಹೊತ್ತು ಮರೆತು ನಿಂತ. ಕಬ್ಬಿನ ಮರೆಯಲ್ಲಿ ಯಾರು ಏನು ಹೇಳಿದರೋ ಇಲ್ಲಿಗೆ ಕೇಳಲಿಲ್ಲ. ಕುಡುಗೋಲುಗಳ ಸದ್ದು ಮಾತ್ರ ಒಂದೊಂದಾಗಿ ನಿಲ್ಲುತ್ತ ಬಂತು. ಕಡೆಯದೂ ನಿಂತಿತು.