ಮನೆಮಂದಿಯೆಲ್ಲ ಉಗುಳಿದ ದಿನ

"ಅಜ್ಜಿ, ಇದು ಬರೀ ನೊರೆ! ನೊರೆ ಲೆಕ್ಕಕ್ಕಿಲ್ಲ. ಉಗುಳು ಈ ಗೆರೆ ತನಕ ಬರಬೇಕು," ಎಂದರು ರಿಸರ್ಚ್ ಆಂಟಿ.

"ಅಯ್ಯೋ ತಾಯಿ, ಆ ಗೆರೆ ಮನೆ ಹಾಳಾಗ! ನನ್ನ ಬಾಯೇ ಒಣಗಿಹೋಯ್ತು," ಎಂದು ಅಜ್ಜಿ ಪುಟ್ಟ ಟ್ಯೂಬನ್ನು ಮತ್ತೆ ತುಟಿಗೆ ಹಿಡಿದರು.

"ನಿಂಬೆಹಣ್ಣು ನೆನೆಸ್ಕೋ ಅಮ್ಮಾ," ಎಂದ ಮಾಮ. "ಹುಳಿಹುಳಿ ನಿಂಬೆಹಣ್ಣು, ಮೇಲೆ ಚೂರು ಉಪ್ಪು..."

ಅಷ್ಟು ಕೇಳಿದ್ದೇ ತಡ, ಮೇಜಿನ ಸುತ್ತ ಕೂತಿದ್ದವರ ಬಾಯಲ್ಲೆಲ್ಲ ನೀರೂರಿತು. ಚೂಟಿಯ ಅಮ್ಮನಂತೂ ನಗು ತಡೆಯಲಾರದೆ ಟ್ಯೂಬಿನ ಹೊರಗೇ ಉಗುಳಿಬಿಟ್ಟಳು.

ಚೂಟಿ ಮಾತ್ರ ನಗಲಿಲ್ಲ.

ಮಾಮ ಅವಳ ಅಮ್ಮನ ತಮ್ಮ. ಅವನಿಗೆ ಬೈಪೋಲಾರ್ ಎಂಬ ಕಾಯಿಲೆ. ಒಮ್ಮೊಮ್ಮೆ ಉತ್ಸಾಹ ಮಿತಿಮೀರಿ, ನಿದ್ದೆಯೇ ಬೇಡವಾಗಿ, ಬಡಬಡ ಮಾತಾಡುತ್ತಲೇ ಇರುತ್ತಿದ್ದ. ಇನ್ನು ಕೆಲವು ಸಲ ವಾರಗಟ್ಟಲೆ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಈಗ ಮಾತ್ರೆ ತೆಗೆದುಕೊಂಡು ಆರಾಮಾಗಿದ್ದಾನೆ. ಈ ಕಾಯಿಲೆ ಕೆಲವು ಮನೆಗಳಲ್ಲೇ ಯಾಕೆ ಹೆಚ್ಚು ಎಂದು ಹುಡುಕುವವರು ರಿಸರ್ಚ್ ಆಂಟಿ. ಅದಕ್ಕೇ ಎಲ್ಲರ ಉಗುಳು ಬೇಕಾಗಿತ್ತು. ಅದರಲ್ಲಿ ಜೀನ್‌ಗಳು ಸಿಗುತ್ತವಂತೆ.

"ನೀನು ಥೇಟ್ ಮಾಮನೇ ಕಣೇ," ಎಂದು ಎಲ್ಲರೂ ಚೂಟಿಗೆ ಹೇಳುತ್ತಿದ್ದರು. ಮೊದಲೆಲ್ಲ ಹಿಗ್ಗುತ್ತಿದ್ದಳು. ಇವತ್ತು ಆ ಮಾತೇ ಬೇಡವಾಗಿತ್ತು. ಆ ಟ್ಯೂಬು 'ಇವಳಿಗೂ ಬರುತ್ತೆ' ಅಂದುಬಿಟ್ಟರೆ?

ಉಗುಳುವ ಮೊದಲು ಅರ್ಧ ಗಂಟೆ ಏನೂ ತಿನ್ನಬಾರದಿತ್ತು. ಚೂಟಿ ಮೆಲ್ಲಗೆ ಅಡುಗೆಮನೆಗೆ ನುಸುಳಿ, ಬೇಕೆಂದೇ ಒಂದು ಚಾಕ್ಲೇಟ್ ಬಾಯಿಗೆ ಹಾಕಿಕೊಂಡಳು.

"ಸಿಕ್ಕಿಬಿದ್ಯಾ ಕಳ್ಳಿ!" ಬಾಗಿಲಲ್ಲಿ ಮಾಮ ನಿಂತಿದ್ದ. "ಅಷ್ಟೊಂದು ಹಸಿವಾ?"

ಅವಳ ಕಣ್ಣು ತುಂಬಿ ಬಂತು. "ಮಾಮ, ನಂಗೂ ಬರುತ್ತಾ ನಿನ್ನ ಕಾಯಿಲೆ?"

ಮಾಮ ನೆಲದ ಮೇಲೆ ಕೂತು ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡ. "ಗೊತ್ತಿಲ್ಲ ಕಣೇ. ಬರದೇ ಇರೋದೇ ಜಾಸ್ತಿ ಅಂತಾರೆ ಆಂಟಿ. ಅದಕ್ಕೆ ಒಂದೇ ಜೀನ್ ಅಲ್ವಂತೆ, ತುಂಬಾ ಇವೆಯಂತೆ. ಸಾವಿರಾರು ಜನರದ್ದು ಒಟ್ಟಿಗೆ ನೋಡಿದ್ರೇನೇ ಏನಾದ್ರೂ ತಿಳಿಯೋದು. ನಿನ್ನ ಒಂದು ಟ್ಯೂಬು ನಿನ್ನ ಭವಿಷ್ಯ ಹೇಳಲ್ಲ."

"ಅಕಸ್ಮಾತ್ ಬಂದ್ರೆ?"

"ನಂಗೆ ಬಂದಾಗ ಅದಕ್ಕೊಂದು ಹೆಸರಿದೆ ಅಂತಾನೇ ಮನೇಲಿ ಯಾರಿಗೂ ಗೊತ್ತಿರ್ಲಿಲ್ಲ. ಸೋಮಾರಿ ಅಂತ ಬೈದ್ರು. ಹೌದೇನೋ ಅಂತ ನಾನೂ ನಂಬಿಬಿಟ್ಟಿದ್ದೆ. ನಿಂಗೆ ಹಾಗಾಗಲ್ಲ. ನಾನಿದ್ದೀನಲ್ಲ!" ಮಾಮ ಅವಳ ಕಣ್ಣೊರೆಸಿದ. "ಟ್ಯೂಬು ಬೇಡ ಅಂದ್ರೆ ಬೇಡ. ಯಾರೂ ಏನೂ ಅನ್ನಲ್ಲ."

ಚೂಟಿ ಎದ್ದು ನಿಂತಳು. ಬಾಯಿ ಮುಕ್ಕಳಿಸಿ ಹಾಲ್‌ಗೆ ಬಂದಳು.

"ಆಂಟಿ, ನಾನು ಚಾಕ್ಲೇಟ್ ತಿಂದ್ಬಿಟ್ಟೆ. ಇನ್ನರ್ಧ ಗಂಟೆ ಕಾಯ್ತೀರಾ?"

"ಅದಕ್ಕೇನಂತೆ ಮರಿ, ಕಾಯೋಣ."

"ಬದುಕಿದೆ!" ಎಂದು ಅಜ್ಜಿ ಟ್ಯೂಬನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಉಸ್ಸೆಂದು ಕೂತರು. "ನಂಗೂ ಇನ್ನೊಂದ್ಚೂರು ಟೈಮ್ ಸಿಕ್ತು!" ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಈ ಸಲ ಚೂಟಿಯೂ ನಕ್ಕಳು.

ಅವಳು ತನ್ನ ಕುರ್ಚಿಯನ್ನು ದರದರ ಎಳೆದು ಮಾಮನ ಕುರ್ಚಿಗೆ ಅಂಟಿಸಿದಳು.

"ಮಾಮ, ಇನ್ಮೇಲೆ ಯಾವಾಗಾದ್ರೂ ನೀನು ಏಳಕ್ಕಾಗ್ದೇ ಮಲಗಿದ್ರೆ, ನಾನು ಬಂದು ಹೀಗೇ ಪಕ್ಕದಲ್ಲಿ ಕೂತ್ಕೋತೀನಿ. ಮಾತೇ ಆಡಲ್ಲ."

"ನೀನಾ? ಮಾತಾಡ್ದೇನಾ?" ಅಮ್ಮ ಕಣ್ಣರಳಿಸಿದಳು.

"ಹೇಗೋ ತಡ್ಕೋತೀನಿ."

ಮಾಮ ನಗಲು ಹೋದ, ಆಗಲಿಲ್ಲ. "ಬಾ ಕಣೇ," ಎಂದ, ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು.

ಮತ್ತೆ ಹಾಗೆ ಒಬ್ಬನೇ ಮಲಗಬೇಕಾದೀತೆಂದು ಇಷ್ಟು ದಿನ ಮಾಮನಿಗೂ ಭಯವಿತ್ತು ಎಂದು ಚೂಟಿಗೆ ಆಗ ತಿಳಿಯಿತು.