ಕಲ್ಲಿನ ಎರಡನೇ ಸಾಲು

ಕಲ್ಲಿನ ಚೂರುಗಳು ದಬದಬನೆ ಮೇಜಿನ ಮೇಲೆ ಬಿದ್ದವು. ಹೆಡ್ ಕಾನ್‌ಸ್ಟೆಬಲ್ ರೇಶಮ್ ಲಾಲ್ ಚಹಾದ ಲೋಟವನ್ನು ಎತ್ತಿ ಎದೆಗವಚಿಕೊಂಡ. ತಂದವನು ಗೋಣಿಚೀಲವನ್ನು ತಲೆಕೆಳಗು ಹಿಡಿದು ಇನ್ನೂ ಒದರುತ್ತಲೇ ಇದ್ದ. ಠಾಣಾ ಡೈರಿಯ ಮೇಲೆಲ್ಲ ಕರಿಗಲ್ಲಿನ ಪುಡಿ.

"ಓಯ್ ಸರ್ದಾರ್ಜಿ, ಇದು ಠಾಣೆ. ಗಾರೆ ಕೆಲಸ ನಡೀತಿಲ್ಲ ಇಲ್ಲಿ."

"ಮೊದಲು ಬರ್ಕೊಳ್ಳಿ. ಆಮೇಲೆ ಹಾಸ್ಯ ಮಾಡೀರಂತೆ."

ಇನ್‌ಸ್ಪೆಕ್ಟರ್ ನಿರ್ವೈರ್ ಸಿಂಗ್ ಒಳಗಿನ ಕೋಣೆಯಿಂದ ಬಂದು ಒಂದು ಚೂರನ್ನು ಕೈಗೆತ್ತಿಕೊಂಡ. ಅದರ ಮೇಲೆ ಗುರುಮುಖಿಯ ಅರ್ಧ ಅಕ್ಷರವಿತ್ತು.

"ಇದನ್ನ ಅಲ್ಲಿಂದ ಎತ್ತೋಕೆ ಯಾರು ಹೇಳಿದ್ರು?"

"ಊರವರೆಲ್ಲ ತುಳಿದಾಡ್ತಿದ್ರು ಜನಾಬ್. ಸಾಕ್ಷ್ಯ ಹಾಳಾಗಬಾರದು ಅಂತ ಗುಡಿಸಿ ತಂದೆ."

"ಒಳ್ಳೇದು. ಪೊರಕೆ ತಂದಿಲ್ವಾ?"

ಅಂದು 2019ರ ನವೆಂಬರ್ 17, ಭಾನುವಾರ, ಬೆಳಿಗ್ಗೆ 7.40. ದೂರುದಾರ ಜಗತಾರ್ ಸಿಂಗ್, ಕೋಟ್ ಸರೈನ್ ಗ್ರಾಮದ ಹಾಕಿ ಕ್ಲಬ್ಬಿನ ಕಾರ್ಯದರ್ಶಿ. ಮೈದಾನದ ಹೊಸ ದ್ವಾರಕ್ಕೆ ಕೂರಿಸಿದ್ದ ಕಲ್ಲನ್ನು ಯಾರೋ ಒಡೆದಿದ್ದರು. ಕ್ಲಬ್ಬಿನ ಗಾಜಿನ ಪೆಟ್ಟಿಗೆಯಲ್ಲಿದ್ದ ಒಲಿಂಪಿಕ್ಸ್ ಪದಕ ಕಾಣೆಯಾಗಿತ್ತು. ಮುಂದಿನ ಭಾನುವಾರ ಮಂತ್ರಿಗಳು ಬಂದು ದ್ವಾರ ಉದ್ಘಾಟಿಸುವವರಿದ್ದರು. ಎಫ್ಐಆರ್ ಸಂಖ್ಯೆ 41. ಕಳವು ಮತ್ತು ಆಸ್ತಿಹಾನಿ. ಆರೋಪಿ: ಅಪರಿಚಿತ.

ಎಂಟೂವರೆಗೆ ಸ್ಥಳ ಪಂಚನಾಮೆ ಶುರುವಾಯಿತು. ಒಬ್ಬ ಪಂಚ ಹಾಲು ಮಾರುವವನು, ಇನ್ನೊಬ್ಬರು ಗುರುದ್ವಾರದ ಗ್ಯಾನಿಜೀ. ಬೆಳಗಿನ ಜಾವ ನಾಲ್ಕೂವರೆಯಿಂದ ಐದೂಮುಕ್ಕಾಲಿನವರೆಗೆ ತಮ್ಮ ಪಠಣ ಧ್ವನಿವರ್ಧಕದಲ್ಲಿ ನಡೆದಿತ್ತೆಂದೂ, ಆ ಹೊತ್ತಿನಲ್ಲಿ ಪಕ್ಕದಲ್ಲಿ ಮನೆ ಕುಸಿದರೂ ಯಾರಿಗೂ ಕೇಳುತ್ತಿರಲಿಲ್ಲವೆಂದೂ ಗ್ಯಾನಿಜೀ ಹೇಳಿದರು. ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು.

ನಿರ್ವೈರ್ ದ್ವಾರದ ಮುಂದೆ ಬಹಳ ಹೊತ್ತು ನಿಂತ. ಕಲ್ಲು ಪೂರ್ತಿ ಒಡೆದಿರಲಿಲ್ಲ. 'ಒಲಿಂಪಿಯನ್ ಸುರ್ಜನ್ ಸಿಂಗ್ ದ್ವಾರ' ಎಂಬ ಮೇಲಿನ ಸಾಲಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅದರ ಕೆಳಗಿನ ಭಾಗವನ್ನು ಮಾತ್ರ ಎಡದಿಂದ ಬಲಕ್ಕೆ, ಅವಸರವಿಲ್ಲದೆ, ಕೆತ್ತಿ ತೆಗೆದಂತಿತ್ತು.

"ಕೆಳಗೆ ಏನಿತ್ತು?"

"'ಪುತ್ರ ಸರ್ದಾರ್ ಇಂದರ್ ಸಿಂಗ್' ಅಂತ ಇತ್ತು ಜನಾಬ್," ಎಂದ ಜಗತಾರ್. "ಕಲ್ಲು ನಿಲ್ಲಿಸಿ ತಿಂಗಳಾಯ್ತು, ಆಗ ಆ ಸಾಲು ಇರಲಿಲ್ಲ. ಒಲಿಂಪಿಯನ್ ಸಾಹೇಬರ ಮಗ ತರ್ಸೇಮ್ ಕೆನಡಾದಿಂದ ಬಂದು ಶುಕ್ರವಾರ ಕೊರೆಸಿದ್ರು. ಊರಲ್ಲಿ ಇದೇ ಹೆಸರಿನವರು ಮೂರು ಜನ. ನಾಳೆ ಯಾರಿಗೂ ಅನುಮಾನ ಬರಬಾರದು ಅಂತ."

ಕೋಟ್ ಸರೈನ್ ನಾಲ್ಕು ಬೀದಿಗಳ ಊರು. ಆ ನಾಲ್ಕು ಬೀದಿಗಳಿಂದ ದೇಶದ ತಂಡಕ್ಕೆ ಹನ್ನೊಂದು ಆಟಗಾರರು ಹೋಗಿದ್ದರು. ಆಟಗಾರರಿಗಿಂತ ಹೆಸರುಗಳು ಕಡಿಮೆ. ಹಾಗಾಗಿ ಯಾವ ಇಲಾಖೆಯ ಅಂಗಿ ತೊಟ್ಟು ಆಡಿದರೋ ಆ ಇಲಾಖೆಯನ್ನೇ ಜನ ಹೆಸರಿಗೆ ಅಂಟಿಸುತ್ತಿದ್ದರು. ಆ ಪದಕ ಗೆದ್ದು, ಕಳೆದ ವರ್ಷ ತೀರಿಕೊಂಡ ಒಲಿಂಪಿಯನ್ ಊರಿನ ಬಾಯಲ್ಲಿ ರೈಲ್ವೆ ಸುರ್ಜನ್. ಸೈನ್ಯದ ಪರ ಆಡಿ, ಈಗ ಪಾರ್ಶ್ವವಾಯು ಬಡಿದು ಮಲಗಿರುವ ಇನ್ನೊಬ್ಬ ಫೌಜಿ ಸುರ್ಜನ್.

ನಿರ್ವೈರನಿಗೆ ಈ ಮೈದಾನ ಹೊಸದಲ್ಲ. ಅವನು ಪೊಲೀಸ್ ಸೇರಿದ್ದೇ ಕ್ರೀಡಾ ಕೋಟಾದಲ್ಲಿ. ಇಪ್ಪತ್ತಾರು ವರ್ಷಗಳ ಹಿಂದೆ ಇಲ್ಲಿ ಪಂದ್ಯವಾಡಿ ಒಲಿಂಪಿಯನ್ ಸುರ್ಜನ್ ಸಿಂಗರ ಕಾಲಿಗೆ ಬಿದ್ದಿದ್ದ. ಆಗಿನಿಂದ ಆ ಹೆಸರು ಕೇಳಿದರೆ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ರೇಶಮ್ ಲಾಲ್ ಮಧ್ಯಾಹ್ನದೊಳಗೆ ಊರಿನ ಇಬ್ಬರು ವ್ಯಸನಿಗಳನ್ನು ಎಳೆದು ತಂದ. ಅವರಲ್ಲೊಬ್ಬ, ಬಿಲ್ಲಾ ಎಂಬವನು, ಗೋಡೆಗೊರಗಿ ನಕ್ಕ.

"ಜನಾಬ್, ಪೆಟ್ಟಿಗೆಯ ಬೀಗ ತೆಗೆದು, ಪದಕ ತಗೊಂಡು, ಮತ್ತೆ ಬೀಗ ಹಾಕಿದ್ದಾರೆ. ನನಗೆ ಅಷ್ಟು ತಾಳ್ಮೆ ಇದ್ದಿದ್ರೆ ನಿಮ್ಮ ಥರ ನೌಕರಿ ಮಾಡ್ತಿದ್ದೆ."

ರೇಶಮ್ ಕೈ ಎತ್ತಿದ. ನಿರ್ವೈರ್ ತಡೆದು, "ಬಿಡು, ಇವನಿಗಿರೋ ಬುದ್ಧಿ ನಮಗೆ ಬೆಳಿಗ್ಗೆಯೇ ಬರಬೇಕಿತ್ತು," ಎಂದ.

ಮಧ್ಯಾಹ್ನ ಮೂರಕ್ಕೆ ಮತ್ತೆ ಮೈದಾನ. ದಾಟುವಾಗ ಧೂಳು ಮೊಣಕಾಲವರೆಗೆ ಎದ್ದಿತು. ರೇಶಮ್ ಪ್ಯಾಂಟು ಕೊಡವಿಕೊಂಡ.

"ಏನ್ ಜನಾಬ್ ಇದು! ಮೊನ್ನೆ ಗುರುಪುರಬ ಹಬ್ಬದ ಬಂದೋಬಸ್ತಿಗೆ ಬಂದಾಗ ನೆಲ ಚಪಾತಿ ಹಿಟ್ಟಿನ ಹಾಗೆ ಕೂತಿತ್ತು. ದಿನಾ ಬೆಳಿಗ್ಗೆ ನೀರು ಹಾಕ್ತಾರೆ ಇಲ್ಲಿ."

ನಿರ್ವೈರ್ ನಿಂತುಬಿಟ್ಟ. ಮತ್ತೆ ನಡೆದು ಕ್ಲಬ್ಬಿಗೆ ಹೋಗಿ ಕೀಲಿಗಳ ಪುಸ್ತಕ ಕೇಳಿದ. ಗಾಜಿನ ಪೆಟ್ಟಿಗೆಗೆ ಎರಡು ಕೀಲಿ. ಒಂದರ ಮುಂದೆ ಜಗತಾರನ ಸಹಿ. ಇನ್ನೊಂದರ ಮುಂದೆ: ಸುರ್ಜನ್ ಸಿಂಗ್.

"ಯಾವ ಸುರ್ಜನ್?"

"ಒಲಿಂಪಿಯನ್ ಸಾಹೇಬರೇ ಇರಬೇಕು."

"ಸಹಿಯ ತಾರೀಖು ಈ ವರ್ಷದ ಬೈಸಾಖಿ ಹಬ್ಬದ್ದು. ಸತ್ತವರು ಬಂದು ಕೀಲಿ ಇಸ್ಕೊಂಡ್ರಾ?"

ಜಗತಾರ್ ಪುಸ್ತಕವನ್ನು ಕಣ್ಣಿನ ಹತ್ತಿರ ತಂದ. "ಓ, ಇದು ನೀರಿನ ಸುರ್ಜನ್. ಗಾಜು ಒರೆಸ್ತಾನೆ ಅಂತ ಕೊಟ್ಟಿದ್ದು. ಮೈದಾನಕ್ಕೆ ನೀರು ಹಾಕೋನು. ನಲವತ್ತು ವರ್ಷದಿಂದ ಅಲ್ಲೇ ಇದ್ದಾನಲ್ಲ, ಲೆಕ್ಕಕ್ಕೇ ಬರಲಿಲ್ಲ."

"ಮೂರು ಜನ ಅಂದಿದ್ರಿ."

"ಬಾಯಿಮಾತಿಗೆ ಮೂರು, ಜನಾಬ್. ಆಟಗಾರರು ಅಂದ್ರೆ ಇಬ್ಬರೇ."

ಸಂಜೆ 4.50. ಪಂಪಿನ ಕೋಣೆಯ ಬಾಗಿಲು ತೆರೆದಿತ್ತು. ಎಪ್ಪತ್ತು ದಾಟಿದ ಮುದುಕ ಸುರುಳಿ ಸುತ್ತಿದ ರಬ್ಬರ್ ಕೊಳವೆಯ ಮೇಲೆ ಕೂತಿದ್ದ. ಮಾಸಿದ ನೀಲಿ ಪೇಟ, ಸದಾ ನೀರಲ್ಲಿದ್ದು ಬಿಳಿಚಿಕೊಂಡ ಪಾದ. ಪೊಲೀಸರನ್ನು ಕಂಡು ಏಳಲಿಲ್ಲ. ಪಕ್ಕದಲ್ಲಿ ಸುತ್ತಿಗೆ, ಉಳಿ. ಮುಚ್ಚಿಡುವ ಪ್ರಯತ್ನವನ್ನೂ ಮಾಡಿರಲಿಲ್ಲ.

"ಸತ್ ಶ್ರೀ ಅಕಾಲ್, ಬಾಬಾ. ಇವತ್ತು ಯಾಕೆ ನೀರು ಹಾಕಲಿಲ್ಲ?"

"ಒಂದು ದಿನ ಹಾಕದಿದ್ರೆ ಯಾರಾದ್ರೂ ಕೇಳ್ತಾರಾ ನೋಡೋಣ ಅಂತ, ಪುತ್ತರ್."

"ಕೇಳಿದ್ರಾ?"

"ನೀನು ಕೇಳಿದೆಯಲ್ಲ."

ಪದಕ ಪಂಪಿನ ಮೇಲೆ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ಹಿಂಬದಿಯಲ್ಲಿ ಯಾರ ಹೆಸರೂ ಇರಲಿಲ್ಲ. ಅದನ್ನು ಜಪ್ತಿ ಪಂಚನಾಮೆಯಲ್ಲಿ ಬರೆಯುತ್ತ ರೇಶಮ್ ಕೇಳಿದ, "ಮಾರೋಕಾ, ಬಾಬಾ?"

"ತೂಕ ನೋಡಬೇಕಿತ್ತು."

"ನೋಡಿದ್ರಾ?"

"ಹಗುರ ಇದೆ."

ದಸ್ತಗಿರಿ ಪತ್ರ ತುಂಬುವಾಗ ನಿರ್ವೈರ್ ತಂದೆಯ ಹೆಸರು ಕೇಳಿದ. "ಕರಮ್ ಸಿಂಗ್," ಎಂದ ಮುದುಕ. ಬರೆದಾದ ಮೇಲೆ ಕುತ್ತಿಗೆ ಚಾಚಿ, ಸರಿಯಾಗಿ ಬರೆದಿದೆಯೇ ಎಂದು ನೋಡಿದ.

ಠಾಣೆಯಲ್ಲಿ ಹೇಳಿಕೆ ಆರೂವರೆಗೆ ಶುರುವಾಗಿ ಏಳೂಕಾಲಿಗೆ ಮುಗಿಯಿತು. ಐವತ್ತೊಂದು ವರ್ಷಗಳ ಹಿಂದೆ, ಗೋಧಿ ಕೊಯ್ಲಿಗೆ ನಿಂತಿದ್ದಾಗ, ಊರಿಗೊಂದು ತಂತಿ ಬಂದಿತ್ತು. ಸುರ್ಜನ್ ಸಿಂಗ್, ಕೋಟ್ ಸರೈನ್, ಜಲಂಧರ್ ಜಿಲ್ಲೆ. ಆಯ್ಕೆ ಶಿಬಿರಕ್ಕೆ ಹಾಜರಾಗುವುದು. ತಂದೆಯ ಹೆಸರಿರಲಿಲ್ಲ. ಆದರೆ ಯಾರಿಗೆ ಬಂದದ್ದೆಂದು ಊರಿಗೆ ಗೊತ್ತಿತ್ತು.

"ಹೇಗೆ ಗೊತ್ತಿತ್ತು?"

"ಆಯ್ಕೆ ಸಮಿತಿಯವರು ಜಲಂಧರದಲ್ಲಿ ನೋಡಿದ ಪಂದ್ಯಕ್ಕೆ ಇಂದರನ ಮಗ ಬಂದಿರಲೇ ಇಲ್ಲ. ಕಾಲು ಉಳುಕಿತ್ತು. ಆಡಿದ್ದು ನಾನು."

"ಮತ್ತೆ ನೀವೇ ಯಾಕೆ ಹೋಗಲಿಲ್ಲ?"

"ನಮ್ಮಪ್ಪ ತೀರಿ ಹೋಗಿ ತಿಂಗಳೂ ಆಗಿರಲಿಲ್ಲ. ಹೊಲದಲ್ಲಿ ಗೋಧಿ, ಮನೇಲಿ ಗಂಡಸು ಅಂದ್ರೆ ನಾನೊಬ್ಬ. ಇಂದರನಿಗೆ ನಾಲ್ಕು ಗಂಡು. ಅರಳಿಕಟ್ಟೇಲಿ ಹಿರಿಯರು ಕೂತು ಹೇಳಿದ್ರು: ಯಾವ ಸುರ್ಜನ್ ಹೋದ್ರೂ ನಮ್ಮೂರು ಹೋದ ಹಾಗೆ. ಈ ಸಲ ಅವನು ಹೋಗಲಿ, ಮುಂದಿನ ಸಲ ನೀನು. ಹೂಂ ಅಂದೆ. ತಂತೀನ ನಾನೇ ಕೈಯಾರೆ ಅವನಿಗೆ ಕೊಟ್ಟೆ."

"ಶಿಬಿರದಲ್ಲಿ ಯಾರಿಗೂ ಗೊತ್ತಾಗಲಿಲ್ವಾ?"

"ಅಲ್ಲಿ ಅರವತ್ತು ಪೇಟ. ಮುಖ ಯಾರು ನೋಡ್ತಾರೆ? ಚೆನ್ನಾಗೇ ಆಡಿದ, ಪುತ್ತರ್. ಅದರಲ್ಲಿ ಮೋಸ ಇಲ್ಲ."

"ಮುಂದಿನ ಸಲ?"

ಮುದುಕ ಆ ಪ್ರಶ್ನೆಯನ್ನು ಕೇಳಿಸಿಕೊಳ್ಳದವನಂತೆ ಮುಂದುವರಿಸಿದ. "ಪ್ರತಿ ಲೋಹ್ರಿ ಹಬ್ಬಕ್ಕೆ ಊರಿಗೆ ಬರ್ತಿದ್ದ. ಪಂಪಿನ ಹತ್ತಿರ ನನ್ನ ಪಕ್ಕ ಕೂತು ಚಹಾ ಕುಡೀತಿದ್ದ. ಈ ವರ್ಷ ಊರ ಮುಂದೆ ನಿಂತು ನಾನೇ ಹೇಳ್ತೀನಿ ಸುರ್ಜನಾ, ಅಂತಿದ್ದ. ಹೊರಡೋವಾಗ, ಮುಂದಿನ ವರ್ಷ, ಅಂತಿದ್ದ. ಆಮೇಲೆ ಸತ್ತ."

"ಕಲ್ಲು ಯಾಕೆ ಒಡೆದ್ರಿ?"

"ಕಲ್ಲು ಒಡೀಲಿಲ್ಲ. ಒಂದು ಸಾಲು ತೆಗೆದೆ. ಹೆಸರು ಮಾತ್ರ ಇದ್ದಾಗ ಅದರಲ್ಲಿ ನಾನೂ ಒಂಚೂರು ಇದ್ದೆ. ಬೆಳಿಗ್ಗೆ ನೀರು ಹಾಕ್ತಾ ಓದ್ಕೊಳ್ತಿದ್ದೆ. ಶುಕ್ರವಾರ ಅಲ್ಲಿಂದಲೂ ಎಬ್ಬಿಸಿ ಕಳಿಸಿದ್ರು."

ಮರುದಿನ ಬೆಳಿಗ್ಗೆ ಹತ್ತಕ್ಕೆ ನಿರ್ವೈರ್ ಫೌಜಿ ಸುರ್ಜನನ ಮನೆಗೆ ಹೋದ. ಆ ಅರಳಿಕಟ್ಟೆಯಲ್ಲಿ ಕೂತವರಲ್ಲಿ ಉಳಿದಿದ್ದವನು ಅವನೊಬ್ಬನೇ. ಬಾಯಿ ಸೊಟ್ಟಗಾಗಿ ಮಾತು ನಿಂತು ಎರಡು ವರ್ಷವಾಗಿತ್ತು. ಸೊಸೆ ದಿಂಬು ಎತ್ತರಿಸಿ ಕೂರಿಸಿದಳು.

"ದೊಡ್ಡಪ್ಪಾ, ಆ ತಂತಿ ಬಂದದ್ದು ಕರಮ್ ಸಿಂಗನ ಮಗನಿಗಾ? ಹೌದಾದ್ರೆ ಕೈ ಎತ್ತಿ."

ಕೈ ಏಳಲಿಲ್ಲ. ಎಡಗಣ್ಣಿನಿಂದ ನೀರು ಇಳಿದು ಗಡ್ಡ ಸೇರಿತು.

"ಅದು ದಿನಾ ಹಾಗೇ ಸುರಿಯುತ್ತೆ, ಸಾಹೇಬ್ರೇ," ಎಂದು ಸೊಸೆ ಸೆರಗಿನಿಂದ ಒರೆಸಿದಳು. "ಯಾರು ಬಂದ್ರೂ ಹಾಗೇ."

ತಂತಿ ಕಚೇರಿ ಮುಚ್ಚಿ ಆರು ವರ್ಷವಾಗಿತ್ತು. ಅಂಚೆ ಕಚೇರಿಯ ಗುಮಾಸ್ತ, ಅಷ್ಟು ಹಳೆಯ ಕಾಗದ ಕೇಳುವವರನ್ನು ತಾನು ನೋಡಿಯೇ ಇಲ್ಲ ಎಂದ. ನಿರ್ವೈರ್ ಜೀಪಿಗೆ ಮರಳುವಾಗ ಬಲ ಮೊಣಕಾಲಿನ ಹಳೆಯ ಕಲೆ ನೆನಪಾಯಿತು. ಇಪ್ಪತ್ತಾರು ವರ್ಷಗಳ ಹಿಂದೆ ಆ ಮೈದಾನದಲ್ಲಿ ಬಿದ್ದಾಗ ಯಾರೋ ಕೊಳವೆ ಹಿಡಿದು ಗಾಯ ತೊಳೆದಿದ್ದರು. ಒಲಿಂಪಿಯನ್ನರ ಮುಖ ನೆನಪಿತ್ತು. ನೀರು ಹಾಕಿದವರದ್ದು ಎಷ್ಟು ತಡಕಿದರೂ ಸಿಗಲಿಲ್ಲ.

ಕೇಸ್ ಡೈರಿಯಲ್ಲಿ ಉದ್ದೇಶ ಎಂಬಲ್ಲಿ ಅವನು 'ಹಳೆಯ ವೈಷಮ್ಯ' ಎಂದು ಬರೆದ. ಇಲಾಖೆಯ ಬಳಿ ಬೇರೆ ಪದವಿರಲಿಲ್ಲ.

ಮಧ್ಯಾಹ್ನ ಎರಡಕ್ಕೆ ತರ್ಸೇಮ್ ಮತ್ತು ಜಗತಾರ್ ಠಾಣೆಗೆ ಬಂದರು. ನ್ಯಾಯಾಲಯಕ್ಕೆ ಹೊರಡಲು ಇನ್ನೊಂದು ಗಂಟೆಯಿತ್ತು. ಜಗತಾರನ ಕೈಯಲ್ಲಿ ಟೈಪು ಮಾಡಿಸಿದ ರಾಜಿ ಪತ್ರ.

"ಬಾಬಾ," ಎಂದ ತರ್ಸೇಮ್, ಮುದುಕನ ಎದುರು ಬೆಂಚಿನಲ್ಲಿ ಕೂತು, "ನೀವು ಜೈಲಿಗೆ ಹೋಗೋದು ನಮಗೆ ಬೇಡ. ಎರಡನೇ ಸಾಲು ಮತ್ತೆ ಕೊರೆಸಲ್ಲ. ಬರೀ ಹೆಸರು ಇರಲಿ. ಭಾನುವಾರ ಮುಂದಿನ ಸಾಲಲ್ಲಿ ನಿಮಗೊಂದು ಕುರ್ಚಿ, ಶಾಲು. ಕ್ಲಬ್ಬು ದೂರು ವಾಪಸ್ ತಗೊಳ್ಳುತ್ತೆ, ಪದಕ ಪಾಲಿಶ್ ಮಾಡೋಕೆ ಒಯ್ದಿದ್ರಿ ಅಂತ ಬರೆದಿದೆ."

"ಮತ್ತೇನು ಬರೆದಿದೆ?"

"ಅಂಥ ತಂತಿ ಯಾವುದೂ ನಿಮ್ಮ ಹೆಸರಿಗೆ ಬಂದಿರಲಿಲ್ಲ ಅಂತ. ವಯಸ್ಸಾಗಿ ಏನೋ ಗೊಂದಲ ಆಗಿ ಹೇಳಿದ್ದು ಅಂತ. ಅಷ್ಟೇ." ಅವನು ಬೆಂಚಿನಲ್ಲಿ ಮುಂದಕ್ಕೆ ಬಾಗಿದ. "ನಮ್ಮಪ್ಪ ಒಳ್ಳೇ ಮನುಷ್ಯ, ಬಾಬಾ."

"ಹೌದು. ಒಳ್ಳೆಯವನೇ."

"ಹಾಗಾದ್ರೆ ಸಹಿ ಹಾಕಿ."

ಮುದುಕ ನಿರ್ವೈರನ ಕಡೆ ನೋಡಿದ. ನಿರ್ವೈರ್ ಕುರ್ಚಿ ಹತ್ತಿರ ಎಳೆದುಕೊಂಡ.

"ಹಾಕಿಬಿಡಿ, ಬಾಬಾ. ನಾನು ಎಲ್ಲ ಕಡೆ ಹೋಗಿ ಬಂದೆ. ಒಂದು ಚೂರು ಕಾಗದ ಇಲ್ಲ, ಹೇಳೋಕೆ ಒಂದು ಬಾಯಿ ಇಲ್ಲ. ಕೋರ್ಟಿನಲ್ಲಿ ನೀವು ಪದಕ ಕದ್ದ ಮುದುಕ, ಅಷ್ಟೇ. ಡಿಸೆಂಬರಲ್ಲಿ ಕಪೂರ್ಥಲಾ ಜೈಲಿನ ನೆಲ ಹೇಗಿರುತ್ತೆ ಗೊತ್ತಾ? ನೀವು ನಂಬಿಸೋಕೆ ಯಾರೂ ಉಳಿದಿಲ್ಲ."

"ನೀನು ನಂಬ್ತೀಯಾ?"

ನಿರ್ವೈರ್ ರಾಜಿ ಪತ್ರವನ್ನು ಅವನ ಕಡೆ ಸರಿಸಿದ. ರೇಶಮ್ ಲಾಲ್ ಬಾಗಿಲಲ್ಲಿ ನಿಂತು ಬೇಡಿಯ ಕೀಲಿಯನ್ನು ಬೆರಳಿಗೆ ಸುತ್ತುತ್ತಿದ್ದವನು ನಿಲ್ಲಿಸಿದ. ಮುದುಕ ಪತ್ರವನ್ನು ತೆಗೆದುಕೊಂಡು, ಬೆಳಕಿಗೆ ಹಿಡಿದು, ತುಟಿ ಅಲುಗಿಸುತ್ತ ಕೊನೆಯವರೆಗೂ ಓದಿದ. ಕೆಳಗೆ ಸಹಿಯ ಜಾಗದಲ್ಲಿ ಅವನ ಹೆಸರನ್ನು ಮೊದಲೇ ಟೈಪು ಮಾಡಿದ್ದರು. ಸುರ್ಜನ್ ಸಿಂಗ್. ತಂದೆಯ ಹೆಸರಿರಲಿಲ್ಲ.

ಜಗತಾರ್ ಪೆನ್ನಿನ ಮುಚ್ಚಳ ತೆಗೆದು ಕೊಟ್ಟ. ಮುದುಕ ಅದನ್ನು ತೆಗೆದುಕೊಂಡು, ಮುಚ್ಚಳವನ್ನೂ ಕೇಳಿ ಇಸಿದುಕೊಂಡು, ಹಾಕಿ, ಮೇಜಿನ ಮೇಲೆ ಇಟ್ಟ.

"ಹಾಕಲ್ಲ," ಎಂದ.